ವಾಚನಾಲಯಕ್ಕೆ ನಮ್ಮ ಅತ್ತೆ ಇಡಿಸಿದ ಬಾಗಿಲು

ನಮ್ಮ ಅತ್ತೆಯ ಎಮ್ಮೆ ಹಾಲು ಒಲೆಯ ಮೇಲೆ ಉಕ್ಕಿ ಹರಿದ ಪಾಪವೆಲ್ಲ ನನ್ನ ತಲೆಗೇ ಸೇರಬೇಕು. ಗುಂಡ್ಲುಪೇಟೆಗೆ ಸೊಸೆಯಾಗಿ ಬಂದ ಹೊಸತು, ಐವತ್ತರ ದಶಕದ ನಡುವಿನ ಮಾತು. ಅಂಗಡಿಯಿಂದ ಬೆಲ್ಲ, ಬೇಳೆ ತಂದರೆ ಡಬ್ಬಕ್ಕೆ ಸುರಿದು, ಪೊಟ್ಟಣದ ಕಾಗದ ಬಿಡಿಸಿ, ಒಲೆಯ ಪಕ್ಕದಲ್ಲೇ ನಿಂತು ಓದುತ್ತಿದ್ದೆ. ಹರಿದ ಪೇಪರೋ, ಯಾವುದೋ ಪುಸ್ತಕದ ಹಾಳೆಯೋ, ಏನಾದರೂ ಸರಿ. ಒಂದು ಹಾಳೆಯಲ್ಲಿ ಒಬ್ಬ ಹುಡುಗಿ ಹೊಳೆಯ ದಡದಲ್ಲಿ ನಿಂತು ದೋಣಿಗೆ ಕಾಲಿಡುವಷ್ಟರಲ್ಲಿ ಹಾಳೆಯೇ ಮುಗಿದುಹೋಯಿತು. ಅವಳು ದೋಣಿ ಹತ್ತಿದಳೋ ಇಲ್ಲವೋ, ದೇವರಾಣೆ ಇವತ್ತಿಗೂ ಗೊತ್ತಿಲ್ಲ. ಅಷ್ಟರಲ್ಲಿ ಬೆನ್ನ ಹಿಂದೆ ಅತ್ತೆಯ ಕೂಗು.

“ಅಯ್ಯೋ ನಿನ್ ಓದು ಸುಟ್ಟೋಗ! ಆಲೆಲ್ಲ ಒಲೆ ಪಾಲಾಯ್ತಲ್ಲಮ್ಮಿ!”

ನನ್ನ ತವರು ಹರವೆ. ಮಿಡ್ಲ್ ಸ್ಕೂಲು ಓದಿದ್ದು ಚಾಮರಾಜನಗರದಲ್ಲಿ, ಸೋದರಮಾವನ ಮನೆಯಲ್ಲಿದ್ದುಕೊಂಡು. ಮಾವ ಅಲ್ಲಿನ ವಾಚನಾಲಯದಿಂದ ನನಗಾಗಿ ಪುಸ್ತಕ ತರುತ್ತಿದ್ದರು. ಮದುವೆಯಾಯಿತು, ಅದಕ್ಕೂ ಕಲ್ಲು ಬಿತ್ತು. ಗುಂಡ್ಲುಪೇಟೆಯಲ್ಲೂ ವಾಚನಾಲಯವಿತ್ತು, ನಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಆದರೆ ಅದರ ಜಗುಲಿಯ ತುಂಬ ಗಂಡಸರು ಕಾಲು ಚಾಚಿಕೊಂಡು, ಪೇಪರು ಹಿಡಿದು, ಬೀಡಿ ಸೇದುತ್ತ ಕೂತಿರುತ್ತಿದ್ದರು. ಅವರನ್ನು ದಾಟಿ ಒಳಗೆ ಹೋಗುವ ಹೆಂಗಸು ನಮ್ಮೂರಲ್ಲಿ ಇನ್ನೂ ಹುಟ್ಟಿರಲಿಲ್ಲ. ನನ್ನ ಯಜಮಾನರಿಗೋ ಹೊಲ ಬಿಟ್ಟರೆ ಬೇರೆ ಲೋಕವಿಲ್ಲ. ಹೆಂಡತಿಗೆ ಪುಸ್ತಕ ಕೊಡಿ ಎಂದು ಕೇಳಲು ನಾಚಿಕೆ. ಹೀಗೇ ಆದರೆ ಓದುವುದೇ ಮರೆತುಹೋಗುತ್ತದೇನೋ ಎಂದು ನನಗೆ ನಿಜಕ್ಕೂ ಹೆದರಿಕೆ ಹತ್ತಿಕೊಂಡಿತ್ತು.

ಆ ವಾಚನಾಲಯ ಬೆಳೆದದ್ದು ಊರಿನವರ ಕೈಯಿಂದಲೇ. ಅದನ್ನು ನೋಡಿಕೊಳ್ಳುತ್ತಿದ್ದವರು ರಿಟೈರಾದ ಒಬ್ಬ ಮೇಷ್ಟ್ರು. ಅವರು ಯಾರ ಮುಂದೆಯೂ ದುಡ್ಡಿಗೆ ಕೈ ಚಾಚಲಿಲ್ಲ. “ನಿಮ್ಮ ಗುಂಪು ಒಂದು ಕೆಲಸ ಹೊತ್ಕೊಳ್ಳಿ” ಅನ್ನುವರು. ಗಾಡಿಯವರು ಸೇರಿ ಚಪ್ಪಡಿ ಕಲ್ಲು ಹೇರಿ ತಂದು ನೆಲ ಹಾಸಿಕೊಟ್ಟರು. ಜವಳಿ ಅಂಗಡಿಯವರು ಗ್ಯಾಸ್‌ಲೈಟು ತಂದಿಟ್ಟರು. ದರ್ಜಿಗಳು ಅಂಗಡಿ ಮುಚ್ಚಿದ ಮೇಲೆ ಕೂತು, ಹರಿದ ಪುಸ್ತಕಗಳಿಗೆಲ್ಲ ಬಟ್ಟೆಯ ಬೆನ್ನು ಹೊಲಿದರು. ಅವರಲ್ಲಿ ಅರ್ಧ ಜನಕ್ಕೆ ಓದಲು ಬರುತ್ತಿರಲಿಲ್ಲ. ಎಂಥಾ ಜನ! ಈಗ ನೆನೆಸಿಕೊಂಡರೂ ಕೈಮುಗಿಯಬೇಕು ಅನ್ನಿಸುತ್ತದೆ.

ಮೇಷ್ಟ್ರು ಒಂದು ಸಲ ನಮ್ಮ ಅತ್ತೆಯ ಸೋಮವಾರದ ಭಜನೆ ಗುಂಪಿನ ಹತ್ತಿರವೂ ಬಂದರು. ಗೋಡೆಗೆ ಒಂದು ದೇವರ ಪಟ ಕೊಟ್ಟಾರು ಅಂತ ಅವರ ಅಂದಾಜು. ಅತ್ತೆ ಹೆಬ್ಬೆಟ್ಟು, ಒಂದಕ್ಷರ ಬಾರದು. ಆದರೆ ಬಾಯಿ? ಅಬ್ಬಬ್ಬಾ!

“ಪಟ ಯಾಕ್ ಮೇಷ್ಟ್ರೆ? ನಾವೊಂದು ಬಾಗ್ಲು ಕೊಡ್ತೀವಿ. ಇಂದ್ಗಡೆ ಗಲ್ಲಿಗೆ, ಅಳೇ ಪೇಪರ್ ತುಂಬ್ಸಿದ್ದೀರಲ್ಲ, ಆ ರೂಮಿಗೆ. ಎಂಗಸ್ರು ಅಲ್ಲಿಂದ ಒಳೀಕ್ ಬತ್ತೀವಿ.”

ಕಂಬದ ಮರೆಯಲ್ಲಿ ನಿಂತಿದ್ದ ನಾನು ಕಿವಿ ನಿಮಿರಿಸಿದೆ. ಮೇಷ್ಟ್ರು ಬೆರಗಾಗಿ, ಆಯ್ತಮ್ಮ ಎಂದರು.

ಅವತ್ತಿನಿಂದ ಗುಂಪಿನ ಮನೆಮನೆಯಲ್ಲೂ ರಾಗಿ ಬೀಸುವ ಮುಂಚೆ ಒಂದು ಹಿಡಿ ತೆಗೆದು ಬೇರೆ ಮಡಕೆಗೆ ಹಾಕತೊಡಗಿದರು. ಆ ರಾಗಿಯೇ ಬಡಗಿಯ ಕೂಲಿ. ಹಳೇ ಮನೆ ಬಿಚ್ಚಿಸಿದ್ದ ಒಬ್ಬಾಕೆ ಬಾಗಿಲನ್ನು ಚೌಕಟ್ಟು, ಹೊಸ್ತಿಲು ಸಮೇತ ಕೊಟ್ಟರು. ಗೋಡೆ ಒಡೆದು ಬಾಗಿಲು ನಿಲ್ಲಿಸಿದ್ದೂ ಆಯಿತು.

ವಾಚನಾಲಯದ ಅಧ್ಯಕ್ಷರಿಗೆ ಆಗ ಎಚ್ಚರವಾಯಿತು. ಊರಿನ ದೊಡ್ಡ ಕುಳ ಅವರು. ಬಾಗಿಲು ಗಾಳಿಬೆಳಕಿಗೆ ಅಂದುಕೊಂಡಿದ್ದರಂತೆ. “ಹೆಂಗಸ್ರು ಇಲ್ಲಿ ಬಂದು ಕೂತ್ಕೊಂಡ್ರೆ ಒಲೆ ಹಚ್ಚೋರು ಯಾರು?” ಎಂದು ಗುಡುಗಿ, ಒಳಗಿನಿಂದ ಅಗುಳಿ ಹಾಕಿಸಿ, ಪುಸ್ತಕದ ಒಂದು ದೊಡ್ಡ ಬೀರುವನ್ನು ಎಳೆಸಿ ತಂದು ಬಾಗಿಲಿಗೆ ಅಡ್ಡ ಇಡಿಸಿಬಿಟ್ಟರು. ಮೇಷ್ಟ್ರು ಬೇಡಿಕೊಂಡರೂ ಕೇಳಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ನಾನು ಕೊಟ್ಟಿಗೆಯಲ್ಲಿ ಕೂತು ಅತ್ತುಬಿಟ್ಟೆ.

ನಮ್ಮ ಅತ್ತೆ ಅಳಲೂ ಇಲ್ಲ, ಜಗಳಕ್ಕೂ ಹೋಗಲಿಲ್ಲ. ಮಾರನೇ ಬೆಳಿಗ್ಗೆ ಬಾವಿಯಿಂದ ಬರುವಾಗ ಆ ಮುಚ್ಚಿದ ಬಾಗಿಲ ಮುಂದೆ ಕೊಡ ಇಳಿಸಿದರು. ಮನೆಯ ಹೊಸ್ತಿಲಿಗೆ ಮಾಡುವ ಹಾಗೇ ನೀರು ಹಾಕಿ ತೊಳೆದು, ಅರಿಶಿನ ಬಳಿದು, ಕುಂಕುಮ ಇಟ್ಟು, ರಂಗೋಲಿ ಎಳೆದು, ಹೂವಿಟ್ಟು ಕೈಮುಗಿದು ಬಂದರು. ದಿನಾ ಇದೇ. ಗುಂಪಿನ ಉಳಿದವರೂ ಜೊತೆಯಾದರು. ಸೋಮವಾರ ಎಲ್ಲರೂ ಗಲ್ಲಿಯಲ್ಲೇ ಕೂತು ಭಜನೆ ಮಾಡಿದರು. ದಾರಿಹೋಕರು ಚಪ್ಪಲಿ ಬಿಟ್ಟು ನಮಸ್ಕಾರ ಹಾಕತೊಡಗಿದರು. ಸಂತೆಗೆ ಬಂದ ಬೇಗೂರಿನವರೊಬ್ಬರಂತೂ ಯಾವ ದೇವರು ಎಂದು ಕೂಡ ಕೇಳದೆ ಕಾಯಿ ಒಡೆದು ಹೋದರು! ನನಗೆ ಒಂದು ಕಡೆ ನಗು, ಇನ್ನೊಂದು ಕಡೆ ದಿಗಿಲು.

“ಅಧ್ಯಕ್ಷರು ಬಗ್ಗದೇ ಇದ್ರೆ ಏನ್ ಮಾಡದು ಅತ್ತೆ?” ಎಂದೆ.

“ಊರಿಗ್ ಬಂದೋಳು ನೀರಿಗ್ ಬರ್ದೆ ಇರ್ತಾಳಾ? ತಡ್ಕ ಕಣಮ್ಮಿ.”

ಸುದ್ದಿ ಅಧ್ಯಕ್ಷರ ತಾಯಿಯ ಕಿವಿಗೆ ಬಿತ್ತು. ಹಣ್ಣುಹಣ್ಣು ಮುದುಕಿ. ಕೋಲೂರಿಕೊಂಡು ಗಲ್ಲಿಗೇ ಬಂದು, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು, ಮಗನನ್ನು ಅಲ್ಲಿಗೇ ಕರೆಸಿದರು.

“ಪೂಜೆ ಮಾಡಿರೋ ಒಸ್ಲಿಗೆ ಬೀರು ಅಡ್ಡ ಮಡಗಿದ್ದೀಯಲ್ಲಾ, ಲಕ್ಷ್ಮಿ ಎಲ್ಲಿಂದ್ಲಾ ಒಳೀಕ್ ಬರ್ಬೇಕು? ಸೂರು ಅತ್ತಿ ಇಳೀಬೇಕಾ?”

ಅಧ್ಯಕ್ಷರ ಮುಖ ಇಂಗು ತಿಂದ ಮಂಗನ ಹಾಗಾಯಿತು. ಪಾಪ, ತಾವೇ ಒಳಗೆ ಹೋಗಿ ಬೀರುವಿಗೆ ಹೆಗಲು ಕೊಟ್ಟು ಪಕ್ಕಕ್ಕೆ ತಳ್ಳಿದರು. ಮೇಷ್ಟ್ರು ಅದನ್ನು ಪುಸ್ತಕ ಸಮೇತ ನಮ್ಮ ರೂಮಿನಲ್ಲೇ ಉಳಿಸಿಬಿಟ್ಟರು.

ಮೊದಲ ದಿನ ಅತ್ತೆ ಬಲಗಾಲಿಟ್ಟು ಮುಂದೆ ಹೋದರು, ಹಿಂದೆ ನಾವು. ಎಲ್ಲರೂ ಚಾಪೆಯ ಮೇಲೆ ಕೂತೆವು. ಹಳೇ ಪುಸ್ತಕದ ವಾಸನೆಯನ್ನು ನಾನು ಎದೆ ತುಂಬ ಎಳೆದುಕೊಂಡೆ. ಅತ್ತೆ ಬೀರುವಿನ ಮುಂದೆ ನಿಂತು, ಸಂತೆಯಲ್ಲಿ ಕುಂಬಳಕಾಯಿ ಆರಿಸುವ ಹಾಗೆ ಒಂದೊಂದನ್ನೂ ಕೈಯಲ್ಲಿ ತೂಗಿ ನೋಡಿ, ಎಲ್ಲಕ್ಕಿಂತ ದಪ್ಪದ್ದನ್ನು ತಂದು ನನ್ನ ಮಡಿಲಿಗೆ ಹಾಕಿದರು.

“ತಕ. ಇದು ಬೇಗ ಮುಗ್ದೋಗಲ್ಲ. ಗಟ್ಟಿಯಾಗಿ ಓದು, ನಾವೂ ಕೇಳನ.”

ಓದಿದೆ. ಕಣ್ಣು ಮಂಜಾಗಿ ಸಾಲು ತಪ್ಪಿದರೂ ಯಾರೂ ನಗಲಿಲ್ಲ. ಒಂದು ಹಾಳೆ ಮುಗಿದರೆ ಅದರ ಹಿಂದೆಯೇ ಇನ್ನೊಂದು ಹಾಳೆ ಇರುತ್ತಿತ್ತು, ಅಷ್ಟು ಸಾಕಾಗಿತ್ತು ನನಗೆ.

ಮನೆಗೆ ಬರುವ ದಾರಿಯಲ್ಲಿ ಕೇಳಿಯೇಬಿಟ್ಟೆ. “ಅತ್ತೆ, ನಿಮಗೆ ಓದೋಕೆ ಬರಲ್ಲ. ಇಷ್ಟೆಲ್ಲ ಯಾಕೆ ಮಾಡಿದ್ರಿ?”

“ನನ್ ಆಲು ಉಳೀಲಿ ಅಂತ,” ಎಂದು ಮೂತಿ ತಿರುಗಿಸಿ ನಡೆದರು. ಮನೆಯ ಹತ್ತಿರ ಬಂದ ಮೇಲೆ, ನನ್ನ ಮುಖ ನೋಡದೆಯೇ ಅಂದರು:

“ಬಂದಾಗಿಂದ ನಿಂತ್ಕಂಡೇ ಓದ್ತಿದ್ದೆ ನೀನು, ಕದ್ದೋಳ್ ತರ. ನೋಡಕಾಯ್ತಿರ್ನಿಲ್ಲ ಕಣವ್ವ. ಕೂತ್ಕಂಡು ಓದ್ಲಿ ಅಂತ.”