ತೂಕದಮ್ಮನ ಕಾಲು ಕೆ.ಜಿ.

ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿದ ರಾಗಿಯನ್ನು ಸಣ್ಣ ಉರಿಯಲ್ಲಿ ಹುರಿಯುವಾಗ ಒಂದು ಘಮ ಏಳುತ್ತದೆ. ಹೋದ ವಾರ ಮೊಮ್ಮಗಳಿಗೆ ಆರು ತಿಂಗಳು ತುಂಬಿತೆಂದು ಸರಿಹಿಟ್ಟು ಮಾಡಲು ಬಾಣಲೆ ಇಟ್ಟಿದ್ದೆ. ಘಮ ಎದ್ದದ್ದೇ ತಡ, ಬಿಟಿಎಂ ಲೇಔಟ್‌ನ ಆ ಎರಡು ಬಾಡಿಗೆ ಕೋಣೆಗಳು, ಬಾಗಿಲ ಚೌಕಟ್ಟಿಗೆ ತೂಗುಹಾಕಿದ ಸ್ಪ್ರಿಂಗ್ ತಕ್ಕಡಿ, ಅದರ ಪಕ್ಕದಲ್ಲಿ ಸೆರಗು ಬಿಗಿದು ನಿಂತ ಆಕೆ... ಎಲ್ಲ ಕಣ್ಣಮುಂದೆ ಬಂದವು. ಕೈ ನಿಂತಿತು, ರಾಗಿ ಒಂದಿಷ್ಟು ಸೀದುಹೋಯಿತು.

ತೊಂಬತ್ತರ ದಶಕದ ಕೊನೆಯ ಮಾತು. ಒಂದು ಟ್ರಸ್ಟ್‌ನವರು ಬಡ ಬಾಣಂತಿಯರಿಗೂ ಎಳೆಗೂಸುಗಳಿಗೂ ಪೌಷ್ಟಿಕ ಆಹಾರದ ಕಾರ್ಯಕ್ರಮವೊಂದನ್ನು ನಡೆಸುತ್ತಿದ್ದರು. ನಾನು ಅದರ ಕೋ-ಆರ್ಡಿನೇಟರ್. ಸುತ್ತಮುತ್ತ ಮನೆಗಳು ಏಳುತ್ತಿದ್ದ ಕಾಲ, ಅವನ್ನು ಕಟ್ಟುತ್ತಿದ್ದವರು ಶೆಡ್ಡುಗಳಲ್ಲಿ ಇರುತ್ತಿದ್ದರು. ಪ್ರತಿ ಬುಧವಾರ ಆ ಹೆಂಗಸರು ಕೂಸುಗಳನ್ನು ಎತ್ತಿಕೊಂಡು ಬರುತ್ತಿದ್ದರು. ಮೊದಲ ತಿಂಗಳುಗಳಲ್ಲಿ ಎದೆಹಾಲು ಬಿಟ್ಟು ಬೇರೇನೂ ಬೇಡವೆಂದು ಹೇಳುವುದು, ಹಾಲು ಕಟ್ಟಿಕೊಂಡವರಿಗೆ, ಬಾರದವರಿಗೆ ದಾರಿ ತೋರಿಸುವುದು, ಕೂಸಿನ ತೂಕ ಬರೆದುಕೊಳ್ಳುವುದು, ರಾಗಿ, ಹೆಸರುಕಾಳು, ಕಡಲೆಬೀಜ ಹುರಿದು ಬೀಸಿದ ಹಿಟ್ಟು ಕೊಡುವುದು. ತೂಕ ಸರಿಯಿದ್ದ ಕೂಸಿನ ತಾಯಿಗೆ ಒಂದು ಪೊಟ್ಟಣ, ಕಡಿಮೆ ಇದ್ದರೆ ಎರಡು.

ತೂಕ ಮಾಡುತ್ತಿದ್ದವರು ಗೊಟ್ಟಿಗೆರೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹೆಂಗಸು. ಐವತ್ತೈದು ದಾಟಿರಬೇಕು. ಓದು ಬಾರದು, ಅಂಕಿ ಬರುತ್ತಿತ್ತು. ಎಲ್ಲರೂ ಅವರನ್ನು ತೂಕದಮ್ಮ ಎನ್ನುತ್ತಿದ್ದರು. ಕೂಸನ್ನು ಬಟ್ಟೆಯ ಜೋಲಿಯಲ್ಲಿ ಮಲಗಿಸಿ, ಕೊಕ್ಕೆಗೆ ಸಿಕ್ಕಿಸಿ, ಮುಳ್ಳು ನಿಂತ ಮೇಲೆ ಓಣಿಗೇ ಕೇಳುವಂತೆ ತೂಕ ಕೂಗುತ್ತಿದ್ದರು. ತಕ್ಕಡಿಯ ಮುಖ ಅವರ ಕಡೆಗೆ, ನನ್ನ ಮೇಜು ಅದರ ಬೆನ್ನ ಹಿಂದೆ. ಅವರು ಕೂಗಿದ್ದನ್ನು ನಾನು ರಿಜಿಸ್ಟರಿನಲ್ಲಿ ಬರೆಯುತ್ತಿದ್ದೆ, ಪೊಟ್ಟಣ ಎತ್ತಿ ಕೊಡುತ್ತಿದ್ದವರೂ ಅವರೇ.

ನನ್ನ ಸ್ವಭಾವವನ್ನೂ ಇಲ್ಲೇ ಹೇಳಿಬಿಡಬೇಕು. ಹಾಲಿನವನು ಬಂದರೆ ಹಾಲಿಗೆ ಬೆರಳು ಅದ್ದಿ ನೋಡುವವಳು ನಾನು. ಇಸ್ತ್ರಿಗೆ ಕೊಟ್ಟ ಸೀರೆ ವಾಪಸು ಬಂದರೆ, ನಡುವೆ ಯಾರಾದರೂ ಉಟ್ಟಿದ್ದರೇ ಎಂದು ಮೂಸಿ ನೋಡುವವಳು. ನಮ್ಮ ಯಜಮಾನರು ನನಗೆ ಅನುಮಾನದ ಪಿಶಾಚಿ ಎಂದೇ ಹೆಸರಿಟ್ಟಿದ್ದರು. ಇಂಥವಳ ಕೈಗೆ ರಿಜಿಸ್ಟರ್ ಕೊಟ್ಟರೆ ಏನಾಗಬೇಕೋ ಅದೇ ಆಯಿತು.

ಕೆನ್ನೆ ತುಂಬಿಕೊಂಡ ಕೂಸುಗಳೆಲ್ಲ ನನ್ನ ರಿಜಿಸ್ಟರಿನಲ್ಲಿ ಸೊರಗಿದ್ದವು. ಹಿಟ್ಟಿನ ಮೂಟೆ ಹನ್ನೊಂದು ಗಂಟೆಗೇ ತಳ ಕಾಣುತ್ತಿತ್ತು. ತೂಕದಮ್ಮನ ಬಳಿ ನೀಲಿ ಬಣ್ಣದ ಒಂದು ದೊಡ್ಡ ವೈರ್ ಬ್ಯಾಗ್ ಇತ್ತು. ಅದರ ಬಾಯಿಗೆ ಯಾವಾಗಲೂ ದಾರದ ಗಂಟು. ಕಾಫಿ ಕುಡಿಯಲು ಹೋದರೂ ಅದು ಜೊತೆಗೇ ಹೋಗುತ್ತಿತ್ತು. ಒಂದು ದಿನ ಎಲ್ಲರೂ ಹೋದ ಮೇಲೆ ಒಂದು ಕೆ.ಜಿ. ಉಪ್ಪಿನ ಪೊಟ್ಟಣ ತಂದು ತಕ್ಕಡಿಗೆ ಸಿಕ್ಕಿಸಿ ನೋಡಿದೆ. ಮುಳ್ಳು ಸರಿಯಾಗಿ ಒಂದಕ್ಕೇ ನಿಂತಿತು. ತಕ್ಕಡಿ ಸುಳ್ಳು ಹೇಳುತ್ತಿಲ್ಲ ಎಂದಾದರೆ ಸುಳ್ಳು ಹೇಳುತ್ತಿರುವುದು ಯಾರು? ತೂಕ ಕಡಿಮೆ ಕೂಗುವುದು, ಎರಡು ಪೊಟ್ಟಣ ಬರೆಸುವುದು, ತಾಯಿಗೆ ಒಂದು ಕೊಟ್ಟು ಇನ್ನೊಂದನ್ನು ಬ್ಯಾಗಿಗೆ ಇಳಿಸುವುದು. ನನ್ನ ತಲೆಯಲ್ಲಿ ಎಲ್ಲ ಲೆಕ್ಕ ಸರಿಹೋಯಿತು. ಸಮಯ ಬರಲಿ ಎಂದು ಕಾದೆ.

ಆಗ ಬರುತ್ತಿದ್ದವರಲ್ಲಿ ರಾಯಚೂರಿನ ಕಡೆಯ ಒಬ್ಬ ಹುಡುಗಿ ಇದ್ದಳು. ಗಂಡನದು ಗಾರೆ ಕೆಲಸ. ಎರಡು ಕೂಸು ಹುಟ್ಟಿ ಹೋದ ಮೇಲೆ ಉಳಿದ ಹೆಣ್ಣುಕೂಸು ಅವಳದು, ನಾಲ್ಕು ತಿಂಗಳದ್ದು. ಹೆರಿಗೆಯಾದ ಹೊಸತರಲ್ಲಿ ಹಾಲು ಬರುತ್ತಿಲ್ಲವೆಂದು ಅಳುತ್ತಿದ್ದವಳನ್ನು ತೂಕದಮ್ಮನೇ ಮೂಲೆಯಲ್ಲಿ ಕೂರಿಸಿಕೊಂಡು, ಬೆನ್ನು ನೀವಿ, ಕೂಸನ್ನು ಹಿಡಿಯುವುದು ಹೇಗೆಂದು ತೋರಿಸಿಕೊಟ್ಟಿದ್ದರು. ಅವಳು ಬಂದರೆ ಆಚೀಚೆ ನೋಡುತ್ತ, ಕೂಸಿನ ಮುಖವನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಸಾಲಿನಲ್ಲಿ ನಿಲ್ಲುತ್ತಿದ್ದಳು.

ತಿಂಗಳಿಗೊಮ್ಮೆ ಒಬ್ಬರು ಡಾಕ್ಟ್ರು ಬಂದು ರಿಜಿಸ್ಟರ್ ನೋಡುತ್ತಿದ್ದರು. ಆ ಬುಧವಾರ ಈ ಕೂಸಿನ ಪುಟಕ್ಕೆ ಬಂದು ನಿಂತರು. ತೂಕ ಐದು, ಆ ವಯಸ್ಸಿಗೆ ಇರಬೇಕಾದ ಗೆರೆಯ ಕೆಳಗೆ. ತಾಯಿಗೆ ಹಾಲು ಸಾಲುತ್ತಿಲ್ಲ, ಸ್ವಲ್ಪ ದಿನ ಡಬ್ಬಿ ಹಾಲು ಸೇರಿಸಿ ಎಂದರು. ಡಬ್ಬಿ ಹಾಲು ಬೇಡವೆಂದು ವಾರವಾರ ಭಾಷಣ ಮಾಡುತ್ತಿದ್ದವಳು ನಾನು. ಆದರೂ ಪುಟದಲ್ಲಿದ್ದದ್ದು ನನ್ನದೇ ಅಕ್ಷರ, ಏನು ಹೇಳಲಿ? ಆ ಹುಡುಗಿಯ ಮುಖ ಬಿಳಿಚಿಕೊಂಡಿತು.

ಆಗ ತಕ್ಕಡಿಯ ಹತ್ತಿರದಿಂದ ತೂಕದಮ್ಮ ಹೇಳಿದರು: "ಐದಲ್ಲ ಡಾಕ್ಟ್ರೇ. ಐದೂವರೆ ಐತೆ."

ಹೇಳಿದ ತಕ್ಷಣ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸಾಲಿನಲ್ಲಿದ್ದ ಹೆಂಗಸರೆಲ್ಲ ಒಮ್ಮೆಗೇ ಮಾತು ನಿಲ್ಲಿಸಿದರು. ನನಗೆ ಕೇಳಿಸಿದ್ದು ತಪ್ಪೊಪ್ಪಿಗೆ ಮಾತ್ರ. ಕಳ್ಳಿ ಸಿಕ್ಕಿಬಿದ್ದಳು ಎಂಬ ಖುಷಿಯೇ ಆಯಿತೆಂದು ಈಗ ಒಪ್ಪಿಕೊಳ್ಳುತ್ತೇನೆ.

"ಹಾಗಾದ್ರೆ ಇಷ್ಟು ದಿನ ಕೂಗಿದ್ದೆಲ್ಲ ಸುಳ್ಳು. ಎಲ್ಲಿ, ಆ ಬ್ಯಾಗ್ ಬಿಚ್ಚಿ ನೋಡೋಣ," ಎಂದೆ.

ಅವರು ಬ್ಯಾಗನ್ನು ಮೇಜಿನ ಮೇಲಿಟ್ಟು, ಹಲ್ಲಿನಿಂದ ಗಂಟು ಬಿಡಿಸಿದರು. ಒಳಗಿದ್ದದ್ದು ಜೋಲಿಯ ಬಟ್ಟೆಗಳು. ಹಳೆಯ ಸೀರೆಯ ತುಂಡುಗಳು, ಒಂದೊಂದರ ಮೂಲೆಗೂ ಒಂದೊಂದು ಬಣ್ಣದ ದಾರದ ಹೊಲಿಗೆ. ಒಂದು ಕೂಸು ಮಲಗಿದ ಬಟ್ಟೆಯಲ್ಲಿ ಇನ್ನೊಂದು ಕೂಸನ್ನು ಮಲಗಿಸಲು ತಾಯಂದಿರು ಒಪ್ಪುತ್ತಿರಲಿಲ್ಲವಂತೆ. ನಮ್ಮ ಕೋಣೆಗಳಲ್ಲಿ ನಲ್ಲಿ ಇರಲಿಲ್ಲವಾದ್ದರಿಂದ ಅಷ್ಟನ್ನೂ ಮನೆಗೆ ಒಯ್ದು, ಬಿಸಿನೀರಿನಲ್ಲಿ ಕುದಿಸಿ ಒಗೆದು, ಮಡಿಸಿ ತರುತ್ತಿದ್ದರು. ತಳದಲ್ಲಿ ಒಂದು ಸ್ಟೀಲ್ ಡಬ್ಬಿ, ಅದರಲ್ಲಿ ಮಧ್ಯಾಹ್ನದ ಮುದ್ದೆ.

ಡಾಕ್ಟ್ರು ಎದ್ದು ತಕ್ಕಡಿಯ ಬಳಿ ಹೋಗಿ, ತಾವೇ ತೂಗಿ ನೋಡುವುದಾಗಿ ಹೇಳಿ ಕೂಸನ್ನು ಕೇಳಿದರು. ಹುಡುಗಿ ಅಲ್ಲಿರಲಿಲ್ಲ. ನಾನು ಬ್ಯಾಗಿನೊಳಗೆ ಕಣ್ಣಿಟ್ಟಿದ್ದಾಗ ಕೂಸನ್ನು ಎತ್ತಿಕೊಂಡು ಹೊರಟುಹೋಗಿದ್ದಳು. ತೂಕದಮ್ಮನೂ ಬಟ್ಟೆಗಳನ್ನು ಮತ್ತೆ ತುಂಬಿಕೊಂಡು, ಬಸ್ ಸ್ಟಾಪಿನ ಕಡೆ ನಡೆದರು.

ಮುಂದಿನ ಬುಧವಾರ ಅವರು ಬರಲಿಲ್ಲ. ತಾಯಂದಿರೂ ನಾಲ್ಕೈದು ಜನ ಬಂದರೆ ಹೆಚ್ಚು. ಗುರುವಾರ ಬೆಳಿಗ್ಗೆ ಗೊಟ್ಟಿಗೆರೆಯ ಬಸ್ ಹತ್ತಿದೆ.

ಒಂದೇ ಕೋಣೆಯ ಮನೆ. ಕಾಫಿ ಕೊಟ್ಟರು. ನಾನು ಲೋಟ ಹಿಡಿದುಕೊಂಡೇ ಗೂಡಿನ ಕಡೆ ನೋಡಿದೆ, ನಮ್ಮ ಹಿಟ್ಟಿನ ಪೊಟ್ಟಣ ಇದೆಯೇ ಎಂದು. ಒಂದು ಇತ್ತು. ಅದು ಹೇಗೆ ಬಂತೆಂದು ಕೇಳಲಿಲ್ಲ. ಕೇಳದೆ ಉಳಿದದ್ದು ನನ್ನ ಮಟ್ಟಿಗೆ ದೊಡ್ಡ ಸಾಧನೆಯೇ.

ಯಾಕೆ ಕಡಿಮೆ ಕೂಗುತ್ತಿದ್ದಿರಿ ಎಂದು ಮಾತ್ರ ಕೇಳಿದೆ. ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ.

"ನಾಕು ಜನದ ಮುಂದೆ ಕೂಸಿನ ತೂಕ ಪೂರ್ತಿ ಯಾರಾದ್ರೂ ಹೇಳ್ತಾರಾ ಮೇಡಂ? ದೃಷ್ಟಿ ಆಗಲ್ವಾ? ಎಲ್ಲಾ ಕೂಸಿಗೂ ಕಾಲು ಕೆ.ಜಿ. ಇಳಿಸಿ ಹೇಳ್ತಿದ್ದೆ. ಆ ಹುಡುಗಿ ಎರಡು ಕಳ್ಕೊಂಡವಳು, ಅದಕ್ಕೆ ಅವಳದ್ದು ಅರ್ಧ. ಸಾಲಲ್ಲಿ ನಿಂತೋರಿಗೆಲ್ಲ ಗೊತ್ತಿತ್ತು. ನೀವೂ ಸೇರಿಸ್ಕೊಂಡು ಬರ್ಕೊಂತೀರ ಅಂದ್ಕೊಂಡಿದ್ದೆ."

ಮಾತು ಬದಲಿಸಲೋ ಏನೋ, ನನ್ನ ಮಗಳು ಹುಟ್ಟಿದಾಗ ಎಷ್ಟಿದ್ದಳು ಎಂದು ಕೇಳಿದರು. ಮೂರು ಕೆ.ಜಿ. ಎಂದೆ. ಇದ್ದದ್ದು ಅಷ್ಟೇ. "ಹಂಗಾದ್ರೆ ಮೂರೂಕಾಲು," ಎಂದು ಸಮಾಧಾನದಿಂದ ತಲೆಯಾಡಿಸಿದರು.

ಆ ಹುಡುಗಿ ಬಂದಿದ್ದಳೇ ಎಂದು ವಿಚಾರಿಸಿದರು. ಇಲ್ಲ ಎಂದ ಕೂಡಲೇ ಎದ್ದು ವೈರ್ ಬ್ಯಾಗ್ ತೆಗೆದುಕೊಂಡರು. ಒಂದೇ ಬಸ್ಸಿನಲ್ಲಿ ಬಂದೆವು. ಶೆಡ್ಡುಗಳ ಹತ್ತಿರ ಇಳಿಯುವಾಗ ನಾನೂ ಎದ್ದೆ. "ನೀವು ಬರ್ಬೇಡಿ ಮೇಡಂ," ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ, ಅದೇ ನನಗೆ ಕಷ್ಟವಾಯಿತು.

ಮೂರೋ ನಾಲ್ಕೋ ವಾರ ಕಳೆದಿರಬೇಕು... ಹುಡುಗಿ ಕೂಸಿನೊಂದಿಗೆ ಬಂದಳು. ಅವತ್ತು ಮನೆಗೆ ಹೋದವಳು, ಹಾಲು ಸಾಲದು, ಮೇಲಿಂದ ದೃಷ್ಟಿಯೂ ತಗುಲಿತು ಎಂಬ ಭಯದಲ್ಲಿ ಡಬ್ಬಿ ತರಿಸಿದಳಂತೆ. ಬೇಗ ಮುಗಿಯಬಾರದೆಂದು ನೀರು ಹೆಚ್ಚು ಹಾಕಿ ಬಾಟಲಿಯಲ್ಲಿ ಕುಡಿಸಿದ್ದಾಳೆ. ಕೂಸಿಗೆ ಭೇದಿ ಹಿಡಿದು, ಮೈ ಇಳಿದುಹೋಯಿತು. ಅವಳ ಎದೆಯೂ ಬತ್ತುತ್ತ ಬಂತು. ತೂಕದಮ್ಮ ಹೋದವರೇ ಮೊದಲು ಕೂಸನ್ನು ಆಸ್ಪತ್ರೆಗೆ ಒಯ್ಯಿಸಿದರು. ಬಾಟಲಿ ಬಿಸಾಡಿಸಿ, ಹತ್ತು ದಿನ ಅದೇ ಶೆಡ್ಡಿನಲ್ಲಿ ಉಳಿದು, ಗಳಿಗೆಗೊಮ್ಮೆ ಕೂಸನ್ನು ಎದೆಗೆ ಹಾಕಿಸಿ, ಹಾಲು ತಿರುಗಿ ಬರುವವರೆಗೂ ಪಕ್ಕದಿಂದ ಏಳಲಿಲ್ಲ. ನಮ್ಮ ಕಾರ್ಯಕ್ರಮದ ಹೆಸರಿನಲ್ಲಿ ನಾನು ಮಾಡಬೇಕಾದ ಕೆಲಸ ಅದು.

ಅವರು ಬರಲಿಲ್ಲವೇ ಎಂದೆ. ಹುಡುಗಿ ನೀಲಿ ಬ್ಯಾಗನ್ನು ಮೇಜಿನ ಮೇಲಿಟ್ಟಳು. ಬಟ್ಟೆಗಳೆಲ್ಲ ಒಗೆದು ಮಡಿಸಿದ್ದವು.

"ಇನ್ನ ಬರೂದಿಲ್ಲ ಅಂದ್ರು ರೀ ಮೇಡಂ. ಬ್ಯಾಗಿನ ಬಾಯಿ ಕಟ್ಟಿಲ್ಲ ಅಂತ ನಿಮಗ ಹೇಳು ಅಂದ್ರು."

ಅವತ್ತು ತಕ್ಕಡಿಯ ಮುಂದೆ ನಾನೇ ನಿಂತೆ. ಹಳದಿ ದಾರದ ಬಟ್ಟೆ ಆ ಕೂಸಿನದೆಂದು ಅವಳೇ ಆರಿಸಿ ಕೊಟ್ಟಳು. ಮುಳ್ಳು ಐದೂಮುಕ್ಕಾಲಿಗೆ ನಿಂತಿತು. "ಐದೂಕಾಲು," ಎಂದು ಓಣಿಗೇ ಕೇಳುವಂತೆ ಕೂಗಿದೆ. ಮೇಜಿಗೆ ಬಂದು ಐದೂಮುಕ್ಕಾಲು ಎಂದು ಬರೆದೆ. ಸಾಲಿನಲ್ಲಿದ್ದ ಒಬ್ಬಿಬ್ಬರು ನಕ್ಕರು. ಕೇಳಬೇಕಾದವರು ಅಲ್ಲಿರಲಿಲ್ಲ.

ಎರಡು ವರ್ಷಕ್ಕೆ ಟ್ರಸ್ಟ್‌ನವರು ಕೇಂದ್ರ ಮುಚ್ಚಿದರು. ಗೊಟ್ಟಿಗೆರೆಗೆ ಹೋಗಿ ತಪ್ಪಾಯಿತು ಎನ್ನಬೇಕೆಂದು ಎಷ್ಟು ಸಲ ಅಂದುಕೊಂಡೆನೋ... ಹೋಗಲಿಲ್ಲ. ಅವರು ಬೈಯುವುದಿಲ್ಲ, ಕಾಫಿ ಕೊಡುತ್ತಾರೆ ಎಂಬುದೇ ನನ್ನ ಹೆದರಿಕೆಯಾಗಿತ್ತು. ಆ ಪೊಟ್ಟಣ ಅವರ ಗೂಡಿಗೆ ಹೇಗೆ ಬಂತೆಂದು ಈಗಲೂ ಒಮ್ಮೊಮ್ಮೆ ಯೋಚಿಸುತ್ತೇನೆ. ಹುಟ್ಟುಗುಣ, ಹೋಗುವುದಿಲ್ಲ. ತೂಕದಮ್ಮ ತೀರಿಹೋದರೆಂದು ಹೇಳಿದ್ದೂ ಅದೇ ಹುಡುಗಿ, ಎಷ್ಟೋ ವರ್ಷದ ಮೇಲೆ ಬನಶಂಕರಿಯ ಮಾರ್ಕೆಟ್ಟಿನಲ್ಲಿ ಸಿಕ್ಕಾಗ. ಜೊತೆಯಲ್ಲಿ ಅವಳ ಮಗಳಿದ್ದಳು, ನನ್ನ ಭುಜದೆತ್ತರ.

ಹೋದ ವಾರ ಹುರಿದ ರಾಗಿ ಆರಲು ಹರಡುತ್ತಿದ್ದಾಗ ಮೇಲಿನ ಮನೆಯವರು ಬಂದು ಮಗುವಿನ ತೂಕ ಎಷ್ಟೆಂದು ಕೇಳಿದರು. ಹಿಂದಿನ ದಿನವಷ್ಟೇ ಡಾಕ್ಟ್ರ ಬಳಿ ಏಳು ಬಂದಿತ್ತು.

"ಆರೂಮುಕ್ಕಾಲು," ಎಂದೆ.

"ಏಳಲ್ವಾ ಅಮ್ಮ?" ಎಂದು ಮಗಳು ಒಳಗಿನಿಂದಲೇ ತಿದ್ದಿದಳು. ಮೇಲಿನ ಮನೆಯವರು ಆಗಲೇ ಸೇರಿಸಿಕೊಂಡು ನಗುತ್ತಿದ್ದರು. ನಾನು ಸೀದ ಕಾಳುಗಳನ್ನು ಒಂದೊಂದಾಗಿ ಹೆಕ್ಕುತ್ತ ಕೂತೆ. ಕಣ್ಣು ಮಂಜಾಗಿ, ಎಷ್ಟೋ ಕಾಳು ಒಳಗೇ ಉಳಿದವು.