ಬರ್ತೀನಿ ಎಂಬ ಮಾತು

ನಮ್ಮ ಕುರ್ಡಿಯಲ್ಲಿ ಯಾರೂ ಹೋಗುವುದಿಲ್ಲ. ಮಾನ್ವಿ ಸಂತೆಗೆ ಹೊರಟವರೂ ‘ಬರ್ತೀನಿ’ ಅನ್ನುತ್ತಾರೆ, ಬೊಂಬಾಯಿಗೆ ಹೊರಟವರೂ ‘ಬರ್ತೀನಿ’ ಅನ್ನುತ್ತಾರೆ. ಪಕ್ಕದ ಮನೆಯ ಮುಸಲ್ಮಾನರ ದಖನಿಯಲ್ಲೂ ಅದೇ, ‘ಜಾಕೆ ಆತೂಂ’, ಹೋಗಿ ಬರ್ತೀನಿ. ಚಿಕ್ಕವನಿದ್ದಾಗ ಒಮ್ಮೆ ‘ಹೋಗ್ತೀನಿ’ ಎಂದು ಬಾಯಿ ಜಾರಿದ್ದಕ್ಕೆ ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದು ಬಂದು, “ಬಿಡ್ತು ಅನ್ನು, ಮದ್ಲ ಬಿಡ್ತು ಅನ್ನು” ಎಂದು ಹಿಟ್ಟಿನ ಕೈಯಲ್ಲೇ ನನ್ನ ಬಾಯಿ ಮುಚ್ಚಿದ್ದಳು. ಹೋಗುವವರು ಸತ್ತವರು ಮಾತ್ರ.

ಎಪ್ಪತ್ತರ ದಶಕದ ಕೊನೆಯಲ್ಲಿ ರಾಯಚೂರಿನಲ್ಲಿ ಓದು ಮುಗಿಸಿ, ವಿದ್ಯಾರ್ಥಿವೇತನ ಸಿಕ್ಕು, ಸಮುದ್ರದ ಜೀವಿಗಳ ಬಗ್ಗೆ ಕಲಿಯಲು ಪರದೇಶಕ್ಕೆ ಹೊರಟೆ. ನಮ್ಮದು ಕುರಿ ಕಾಯುವ ಮನೆತನ. “ಕುರಿ ಬಿಟ್ಟು ಮೀನ ಮೇಸಾಕ ಹೊಂಟೀಯೇನಲೇ?” ಎಂದು ಕಟ್ಟೆಯ ಮೇಲೆ ಕೂತವರು ನಕ್ಕರು. ನಗದೆ ಏನು ಮಾಡಿಯಾರು, ನಾನು ಅಲ್ಲಿಯವರೆಗೆ ಸಮುದ್ರವನ್ನೇ ಕಂಡಿರಲಿಲ್ಲ.

ಓದಿನ ದೊಡ್ಡ ಪಾಲು ಒಂದು ಸಣ್ಣ ದ್ವೀಪದಲ್ಲಿ. ನೀರು ಇಳಿದಾಗ ಹವಳದ ದಿಬ್ಬದ ಮೇಲೆ ನಡೆದು, ಅಲ್ಲಿ ಏನೇನು ಬದುಕಿದೆ ಎಂದು ನೋಡಿ ಬರೆದುಕೊಳ್ಳಬೇಕು. ಮಿಕ್ಕ ಹೊತ್ತು ಊರವರ ಮನೆಯಲ್ಲೇ ಉಂಡು, ಅವರ ಭಾಷೆ ಕಲಿತು, ಅವರಂತೆ ಇರಬೇಕು. ನನ್ನನ್ನು ಇಟ್ಟುಕೊಂಡ ಮುದುಕಿಗೆ ತನ್ನವರೆಂಬುವರಿರಲಿಲ್ಲ. ಬಾಯಿ ಮಾತ್ರ ಬಲು ಜೋರು. ನನ್ನ ಉಚ್ಚಾರಕ್ಕೆ ಹೊಟ್ಟೆ ಹಿಡಿದು ನಗುತ್ತಿದ್ದಳು. ಮೀನಿನ ವಾಸನೆಗೆ ನಾನು ಮುಖ ತಿರುವಿದರೆ ಬೈದುಕೊಂಡೇ ಗೆಣಸು ಸುಟ್ಟು ಕೊಡುತ್ತಿದ್ದಳು. ಅವಳನ್ನು ನಾನು ‘ಯವ್ವಾ’ ಎಂದೇ ಕರೆಯುತ್ತಿದ್ದೆ.

ಊರಿಗೆ ಮರಳುವ ದಿನ ದೋಣಿ ಹತ್ತುತ್ತಾ ಅವಳ ಭಾಷೆಯಲ್ಲಿ ಬಿಡಿಸಿ ಬಿಡಿಸಿ ಹೇಳಿದೆ, “ಬರ್ತೀನಿ, ಯವ್ವಾ.” ಅವಳು ನಗಲಿಲ್ಲ. ನನ್ನ ಮುಖವನ್ನೇ ನೋಡಿ, ಇನ್ನೊಮ್ಮೆ ಹೇಳು ಎಂದಳು. ಇನ್ನೊಮ್ಮೆ ಹೇಳಿದೆ. ಕೊನೆಗೂ ಉಚ್ಚಾರ ಸರಿಯಾಯಿತೆಂದು ಹಿಗ್ಗಿದೆ.

ಬಂದವನು ದೇವದುರ್ಗದ ಕಾಲೇಜಿನಲ್ಲಿ ಮೇಷ್ಟ್ರಾದೆ. ಕಪ್ಪೆ ಸೀಳುವುದನ್ನು ಕಲಿಸುತ್ತಾ, ಮದುವೆಯಾಗಿ, ಸಮುದ್ರವನ್ನು ಮರೆತೆ. ಕೆಲವು ವರ್ಷಗಳ ಮೇಲೆ, ಅದೇ ದ್ವೀಪದಲ್ಲಿ ಕೆಲಸ ಮುಂದುವರಿಸಿದ್ದ ಪರದೇಶಿ ಸಹಪಾಠಿಯೊಬ್ಬ ಮದ್ರಾಸಿನಿಂದ ಬೊಂಬಾಯಿಗೆ ಹೊರಟವನು, ರಾಯಚೂರು ಸ್ಟೇಷನ್ನಿಗೆ ಬಾ ಎಂದು ಹೇಳಿ ಕಳಿಸಿದ. ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಹಿಡಿದು ಹೋದೆ. ಹಳೆಯ ಖುಷಿಗೆ ದ್ವೀಪದ ಭಾಷೆಯಲ್ಲೇ ಮಾತಾಡಿದೆವು.

ಅವನು ರೈಲು ಡಬ್ಬಿಯ ಬಾಗಿಲಲ್ಲಿ ನಿಂತು ರೊಟ್ಟಿ ಮುರಿಯುತ್ತಾ ತಮಾಷೆಯಾಗಿ ಹೇಳಿದ. ಮುದುಕಿ ಅವನನ್ನು ಮನೆಗೆ ಸೇರಿಸಲಿಲ್ಲವಂತೆ. ನಾನು ಮಲಗುತ್ತಿದ್ದ ಚಾಪೆ ಬೇರೆಯವರಿಗಿಲ್ಲವಂತೆ. ದೋಣಿ ಬಂದಾಗಲೆಲ್ಲ ದಂಡೆಗೆ ಬಂದು ನಿಲ್ಲುತ್ತಾಳಂತೆ.

“ನೀನು ಬರುತ್ತೇನೆ ಅಂದೆಯಂತಲ್ಲ! ಅವರಲ್ಲಿ ಹೊರಡುವವನು ಹೋಗುತ್ತೇನೆ ಅಂತಲೇ ಅನ್ನಬೇಕು. ಬರುತ್ತೇನೆ ಅಂದರೆ ಸಮುದ್ರದ ಮುಂದೆ ಆಣೆ ಮಾಡಿದ ಹಾಗೆ. ಗೊತ್ತಿರಲಿಲ್ಲವೇ?”

ಗೊತ್ತಿರಲಿಲ್ಲ.

“ಮುಂದಿನ ತಿಂಗಳು ಅಲ್ಲಿಗೇ ಹೊರಟಿದ್ದೇನೆ. ಅವಳಿಗೆ ಏನು ಹೇಳಲಿ?” ಎಂದ.

ಬರುವುದಿಲ್ಲ ಎಂದು ಹೇಳು, ಚಾಪೆ ಇನ್ಯಾರಿಗಾದರೂ ಕೊಡಲಿ, ತಪ್ಪಾಯಿತು. ಇಷ್ಟು ಅಂದಿದ್ದರೆ ಸಾಕಿತ್ತು. ಅಷ್ಟರಲ್ಲಿ ಸೀಟಿ ಆಗಿ ಗಾಡಿ ಜಗ್ಗಿತು. ಅವನು ಕೈ ಬೀಸಿದ. ಹೊರಟವನು ಅವನು, ‘ಹೋಗಿ ಬಾ’ ಎನ್ನಬೇಕಾದವನು ನಾನು. ಆದರೂ ಕೈಯೆತ್ತಿ ಆ ಭಾಷೆಯಲ್ಲೇ ಕೂಗಿದ್ದು, “ಬರ್ತೀನಿ!”

ಅವನ ಮುಖ ಅರಳಿತು. ಅವಳಿಗೆ ಹೇಳುತ್ತೇನೆ ಎಂಬಂತೆ ಜೋರಾಗಿ ತಲೆಯಾಡಿಸಿದ. ಗಾಡಿಯ ಜೊತೆ ಸ್ವಲ್ಪ ದೂರ ಓಡಿ, ನಿಂತುಬಿಟ್ಟೆ.

ಸಂಜೆ ಕುರ್ಡಿಗೆ ಬಂದು ಅವ್ವನಿಗೆ ಎಲ್ಲವನ್ನೂ ಹೇಳಿದೆ. ಮೊದಲ ಸಲ ತಿಳಿಯದೆ ಅಂದೆ, ಎರಡನೆಯ ಸಲ ತಿಳಿದೂ ಅಂದೆ ಎನ್ನುವಾಗ ಅಳು ಬಂತು. ಹೋಗಲಿ ಬಿಡು ಎನ್ನುತ್ತಾಳೆಂದು ಕಾದೆ.

“ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು,” ಎಂದಳು ಅವ್ವ. ಆಮೇಲೆ, “ಆಕಿ ಕಾಯಾಕತ್ಯಾಳಲ್ಲೋ ಯಪ್ಪಾ. ಯಾವಾಗ ಹೋಗ್ತಿ?”

ಹೋಗಿ ಬರ್ತಿ ಎನ್ನದೆ ಹೋಗ್ತಿ ಎಂದು ಆಕೆ ನನಗೆ ಅಂದದ್ದು ಅದೊಂದೇ ಸಲ. ನಾನು ಹೋಗಲಿಲ್ಲ.