ಮೇಳಿಗೆ ಶಶಿಕಲಾ ಎಂಬ ಸಾಲಿನ ನಂಬರು

ಶಶಿಕಲಾ ಟೀಚರ್, ಏಳು ವರ್ಷದ ಹಿಂದೆ ನಿಮ್ಮ ಸಂಬಳದ ತೆರಿಗೆಯ ಫಾರಂ ಸಿಕ್ಸ್‌ಟೀನ್‌ನಲ್ಲಿ ಪ್ಯಾನ್ ನಂಬರು ತಪ್ಪಾಗಿದ್ದು ನನ್ನಿಂದ. ನೀವು ನಂಬರು ಬರೆದುಕೊಟ್ಟ ಚೀಟಿ ಸರಿಯಾಗಿಯೇ ಇತ್ತು. ಅದು ಗೊತ್ತಿದ್ದೂ ನಿಮ್ಮ ಮುಖ ನೋಡಿಕೊಂಡೇ ಸುಳ್ಳು ಹೇಳಿದೆ.

ತಪ್ಪು ಹೇಗಾಯಿತೆಂದು ಕೇಳಿದರೆ ನಗುತ್ತೀರಿ – ನಗಿ, ಪರವಾಗಿಲ್ಲ. ನಮ್ಮ ಶಾಲೆಯಲ್ಲಿ ಯಾರ ಇನಿಷಿಯಲ್ಲೂ ಯಾರಿಗೂ ನೆನಪಿರುವುದಿಲ್ಲ, ಊರು ನೆನಪಿರುತ್ತದೆ. ಗುಮಾಸ್ತನಾದ ನನ್ನ ನೋಟ್‌ಬುಕ್ಕಿನಲ್ಲೂ ಹಾಗೆಯೇ. ನೀವು ಕೋಣಂದೂರು ಶಶಿಕಲಾ. ಹಿಂದಿ ಪಾಠ ಮಾಡುತ್ತಿದ್ದ ಹಿರಿಯರು ಮೇಳಿಗೆ ಶಶಿಕಲಾ. ಅವರು ನಿವೃತ್ತರಾದ ವರ್ಷವೇ ನೀವು ಮದುವೆಯಾಗಿ ಮೇಳಿಗೆಗೆ ಹೋದಿರಿ. ಸ್ಟಾಫ್ ರೂಮು ಒಂದು ವಾರವೂ ತಡೆಯದೆ, ಖಾಲಿ ಬಿದ್ದಿದ್ದ ಹೆಸರನ್ನು ನಿಮಗೆ ಕೊಟ್ಟುಬಿಟ್ಟಿತು. ನನ್ನ ಬಾಯಿಗೂ ಅದೇ ರೂಢಿಯಾಯಿತು. ತೆರಿಗೆ ವಿವರ ತುಂಬುವ ದಿನ 'ಮೇಳಿಗೆ ಶಶಿಕಲಾ' ಎಂದು ನೋಟ್‌ಬುಕ್ ತಿರುವಿದೆ, ಆ ಸಾಲಿನಲ್ಲಿದ್ದ ನಂಬರನ್ನೇ ಟೈಪ್ ಮಾಡಿದೆ. ನಿಮ್ಮ ಸಂಬಳದಲ್ಲಿ ಹಿಡಿದ ತೆರಿಗೆ ಹೋಗಿ ಹಿಂದಿ ಟೀಚರ್ ಹೆಸರಿನಲ್ಲಿ ಕೂತಿತು.

ರಿಟರ್ನ್ ಹಾಕಲು ಹೋದ ನೀವು ಫಾರಂ ಹಿಡಿದು ನನ್ನ ಮೇಜಿಗೆ ಬಂದಿರಿ. ನಂಬರು ನೋಡಿದ ಕೂಡಲೇ ಅದು ಯಾರದೆಂದು ನನಗೆ ಗೊತ್ತಾಯಿತು. ಆದರೆ ಪಕ್ಕದಲ್ಲಿ ಹೆಡ್‌ಮಾಸ್ಟರು ನಿಂತಿದ್ದರು. ನನ್ನ ಕೆಲಸದಲ್ಲಿ ಒಂದು ತಪ್ಪು ಹುಡುಕಲಿಕ್ಕೂ ಆಗುವುದಿಲ್ಲ ಎಂದು ಆಗಷ್ಟೇ ಹೊಗಳಿದ್ದರು. ಆ ಹೊಗಳಿಕೆ ಇನ್ನೂ ಬಿಸಿಬಿಸಿಯಾಗಿತ್ತು – ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಅಂದದ್ದು ಇಷ್ಟು:

"ನೀವು ಬರ್ಕೊಟ್ಟಿದ್ದೇ ತಪ್ಪು ಟೀಚರ್. ಸ್ವಲ್ಪ ನೋಡ್ಕಂಡ್ ಬರೀಬಾರ್ದಾ?"

ನೀವು ಜಗಳ ಆಡಿದ್ದರೆ ನಾನು ಒಪ್ಪಿಕೊಳ್ಳುತ್ತಿದ್ದೆನೋ ಏನೋ... ಆದರೆ ನೀವು ಕ್ಷಮೆ ಕೇಳಿದಿರಿ. ನಾನು ತೀರ್ಥಹಳ್ಳಿಯ ಆಡಿಟರ್ ಬಳಿ ಸದ್ದಿಲ್ಲದೆ ತಿದ್ದುಪಡಿ ಹಾಕಿಸಿ, ಕೆಲವು ವಾರಗಳಲ್ಲಿ ಹೊಸ ಫಾರಂ ಕೊಟ್ಟೆ. ಆ ಉಪಕಾರಕ್ಕೆ ನೀವು ಹಲಸಿನ ಹಪ್ಪಳದ ಕಟ್ಟು ತಂದಿರಿ. ತಿಂದೆ. ಬಹಳ ಚೆನ್ನಾಗಿದ್ದವು – ಅದನ್ನೂ ಮುಚ್ಚಿಡುವುದಿಲ್ಲ.

ಅಂದಿನಿಂದ ನಿಮ್ಮ ಪ್ರತಿ ಕಾಗದವೂ ಮೊದಲು ನನ್ನ ಮೇಜಿಗೆ ಬರತೊಡಗಿತು. ಅಂಕಪಟ್ಟಿ, ರಜಾ ಚೀಟಿ, ಕೊನೆಗೆ ನಿಮ್ಮ ಅತ್ತೆಯ ರೇಷನ್ ಕಾರ್ಡಿನ ಅರ್ಜಿ ಕೂಡ. ಏಳು ವರ್ಷದಲ್ಲಿ ಒಂದೇ ಒಂದು ತಪ್ಪು ಸಿಗಲಿಲ್ಲ. ಒಮ್ಮೊಮ್ಮೆ ಗುಮಾಸ್ತನ ಮರ್ಯಾದೆಗೆಂದು ಎಲ್ಲಾದರೊಂದು ಅಲ್ಪವಿರಾಮ ಹಾಕಿ ಕೊಡುತ್ತಿದ್ದೆ. ನೀವು ಅದಕ್ಕೂ ಥ್ಯಾಂಕ್ಸ್ ಹೇಳುತ್ತಿದ್ದಿರಿ. ಇದೊಂದು ತಮಾಷೆ ಎಂದೇ ನಾನು ದಿನ ದೂಡಿದೆ.

ಇವತ್ತು ಮಾತ್ರ ತಮಾಷೆ ಮುಗಿಯಿತು. ಆಡಳಿತ ಮಂಡಳಿ ನಿಮ್ಮನ್ನು ಮುಖ್ಯೋಪಾಧ್ಯಾಯಿನಿ ಆಗಿ ಎಂದು ಕೇಳಿದೆ. ಬೇಡವೆಂದು ಪತ್ರ ಬರೆದು, ರೂಢಿಯಂತೆ ನನ್ನ ಮುಂದಿಟ್ಟಿರಿ.

"ಕಾಗ್ದ ಪತ್ರದಲ್ಲಿ ನನ್ ಮೇಲೆ ನಂಗೇ ನಂಬ್ಕೆ ಇಲ್ಲ ಸಾರ್, ನಿಮಗ್ ಗೊತ್ತಲ್ಲ. ಇದ್ರಲ್ಲೂ ಎಂತಾದ್ರೂ ತಪ್ಪಿದ್ಯಾ ನೋಡ್ಕೊಡಿ."

ನೀವು ನಗುತ್ತಲೇ ಹೇಳಿದಿರಿ. ನನಗೆ ನಗು ಬರಲಿಲ್ಲ. ನನಗೆ ಸಿಕ್ಕ ಒಂದು ಹೊಗಳಿಕೆ ಉಳಿಸಿಕೊಳ್ಳಲು ನಿಮ್ಮಿಂದ ಏನು ಕಿತ್ತುಕೊಂಡೆನೆಂದು – ನಾಚಿಕೆಯಾಯಿತು, ಟೀಚರ್. ಬಹಳ ನಾಚಿಕೆಯಾಯಿತು.

ಪತ್ರ ನೋಡಿದ್ದೇನೆ. ಏಳು ವರ್ಷದಲ್ಲಿ ಮೊದಲ ಸಲ ಒಂದು ತಪ್ಪು ಸಿಕ್ಕಿದೆ. 'ದಾಖಲೆಗಳಲ್ಲಿ ನಾನು ತಪ್ಪು ಮಾಡುವವಳಾದ್ದರಿಂದ' ಎಂಬ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದೇನೆ. ಕಡತದಲ್ಲಿದ್ದ ನಿಮ್ಮ ಪ್ಯಾನ್ ನಂಬರಿನ ಹಳೆಯ ಚೀಟಿಯನ್ನು ಇದರ ಜೊತೆ ಲಗತ್ತಿಸಿದ್ದೇನೆ. ನೋಡಿ, ಒಂದಕ್ಷರವೂ ತಪ್ಪಿಲ್ಲ. ಈ ನಿವೇದನೆಯ ಇನ್ನೊಂದು ಪ್ರತಿ ಆಡಳಿತ ಮಂಡಳಿಗೆ ಹೋಗುತ್ತಿದೆ. ನಾಳೆ ಸ್ಟಾಫ್ ರೂಮು ನನಗೇನು ಹೆಸರಿಡುತ್ತದೋ ಇಡಲಿ.

ಮಂಡಳಿಗೆ ಏನು ಉತ್ತರ ಕೊಡಬೇಕೆಂಬುದು ನಿಮಗೆ ಬಿಟ್ಟದ್ದು. ಹೊಸದಾಗಿ ಬರೆಯಿರಿ. ಬರೆದದ್ದನ್ನು ಈ ಸಲ ನನಗೆ ತೋರಿಸಬೇಡಿ.